ಆಸೆ ಹುಟ್ಟಿದ ಮಾತ್ರಕ್ಕೆ ಗುಣ ಕಡಿಮೆಯಾಯಿತೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು, ಬರೆದವರಿಗೆ ಪರಸ್ಪರ ಪರಿಚಯವಿಲ್ಲದಿದ್ದರೂ, ಒಂದೇ ವಿಷಯವನ್ನು ನಾಲ್ಕು ಕಡೆಯಿಂದ ಹಿಡಿದಿವೆ: ಒಳ್ಳೆಯ ಗುಣ ಎಂದು ನಾವು ಯಾವುದನ್ನು ಕರೆಯುತ್ತೇವೆ, ಅದು ಮನುಷ್ಯನಲ್ಲಿ ಎಲ್ಲಿರುತ್ತದೆ? ಆದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದೆ.

ಪ್ರಶ್ನೆ: ನಾನು ಉಡುಪಿಯಲ್ಲಿ ರಿಕ್ಷಾ ಓಡಿಸುವವನು. ಮದುವೆ ಮುಗಿಸಿ ಹೊರಟಿದ್ದ ಒಂದು ಕುಟುಂಬವನ್ನು ಇಂದ್ರಾಳಿಯ ರೈಲು ನಿಲ್ದಾಣಕ್ಕೆ ಬಿಟ್ಟು ಬಂದ ಮೇಲೆ ಹಿಂದಿನ ಸೀಟಿನ ಹಿಂಬದಿಯಲ್ಲಿ ಒಂದು ಕೈಚೀಲ ಸಿಕ್ಕಿತು. ಒಳಗೆ ಒಂದು ಕರಿಮಣಿ ಸರ, ಎರಡು ಚಿನ್ನದ ಬಳೆ. ಮರುದಿನ ಬೆಳಿಗ್ಗೆ ಠಾಣೆಗೆ ಒಪ್ಪಿಸಿದೆ, ಅವರು ಬಂದು ತೆಗೆದುಕೊಂಡು ಹೋದರು, ನಮ್ಮ ಸ್ಟ್ಯಾಂಡಿನವರು ನನಗೆ ಶಾಲು ಹೊದೆಸಿದರು. ಆದರೆ ಆ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಮಗಳ ಕಾಲೇಜಿನ ಫೀಸು ಬಾಕಿ ಇತ್ತು. ಬಳೆಗಳನ್ನು ಅಡವಿಟ್ಟರೆ ಎಷ್ಟು ಬಂದೀತೆಂದು ಲೆಕ್ಕವನ್ನೂ ಹಾಕಿದ್ದೆ. ‘ಪಾಪ, ಕರಿಮಣಿ ಕಳೆದುಕೊಂಡ ಆ ಹುಡುಗಿ ಗಂಡನ ಮನೆಯಲ್ಲಿ ಈಗ ಏನು ಹೇಳುತ್ತಿರಬಹುದು’ ಎಂದು ಹೆಂಡತಿ ಕೇಳಿದ ಮೇಲೆ ಲೆಕ್ಕ ಅಲ್ಲಿಗೇ ನಿಂತಿತು. ಇದನ್ನೆಲ್ಲ ನೆರೆಯ ನಿವೃತ್ತ ಅಧಿಕಾರಿಯೊಬ್ಬರಿಗೆ ಹೇಳಿದಾಗ ಅವರು, ‘ನನಗಾದರೆ ಆ ಯೋಚನೆಯೇ ಬರುತ್ತಿರಲಿಲ್ಲ’ ಎಂದರು. ಹಾಗಾದರೆ ಅವರ ಗುಣ ನನ್ನದಕ್ಕಿಂತ ಮೇಲಿನದೇ? ಆ ಶಾಲು ನನಗೆ ಸಲ್ಲುವಂಥದ್ದೇ?

ಉತ್ತರ: ನಿಮ್ಮ ನೆರೆಯವರ ಪಕ್ಷದಲ್ಲಿ ನಿಲ್ಲುವ ದೊಡ್ಡ ಹೆಸರೊಂದಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿ.ಪೂ. 384ರಿಂದ 322ರವರೆಗೆ ಬದುಕಿದ್ದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್, ನೀತಿಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದ ಏಳನೆಯ ಭಾಗದಲ್ಲಿ, ಮನುಷ್ಯರ ನಡವಳಿಕೆಯನ್ನು ಹೆಚ್ಚುಕಡಿಮೆ ನೀವು ಕೇಳಿರುವ ದೃಷ್ಟಿಯಿಂದಲೇ ವಿಂಗಡಿಸುತ್ತಾನೆ. ಒಳ್ಳೆಯದನ್ನು ಮಾಡುವುದರಲ್ಲಿಯೇ ಸಂತೋಷವಿದ್ದು, ಕೆಟ್ಟದ್ದರ ಕಡೆಗೆ ಮನಸ್ಸು ಎಳೆಯದಿರುವವನು ಮೇಲಿನವನು. ಎಳೆತವಿದ್ದರೂ ತಡೆದುಕೊಂಡು ಸರಿಯಾದದ್ದನ್ನೇ ಮಾಡುವವನು ಅವನ ಕೆಳಗಿನವನು. ಸರಿ ಯಾವುದೆಂದು ತಿಳಿದೂ ಎಳೆತಕ್ಕೆ ಸೋಲುವವನು ಇನ್ನೂ ಕೆಳಗಿನವನು. ಕೆಟ್ಟದ್ದನ್ನೇ ಸರಿಯೆಂದು ನಂಬಿ ಮಾಡುವವನು ಕಟ್ಟಕಡೆಯವನು. ಈ ಲೆಕ್ಕದಲ್ಲಿ ನೀವು ಎರಡನೆಯ ಮೆಟ್ಟಿಲಿನವರು, ನಿಮ್ಮ ನೆರೆಯವರು, ಅವರ ಮಾತು ನಿಜವಾದರೆ, ಮೊದಲನೆಯ ಮೆಟ್ಟಿಲಿನವರು. ಗುಣವೆಂದರೆ ಹೊರಗೆ ಕಾಣುವ ಕೆಲಸವೊಂದೇ ಆಗಿರದೆ, ಆ ಕೆಲಸವನ್ನು ಮಾಡುವಾಗ ಒಳಗೆ ಏನು ನಡೆಯುತ್ತದೆ ಎಂಬುದೂ ಸೇರಿದ ಒಂದು ನೆಲೆಗೊಂಡ ಸ್ವಭಾವ ಎಂಬುದು ಅರಿಸ್ಟಾಟಲನ ವಾದದ ಜೀವಾಳ, ಮತ್ತು ಅದನ್ನು ತಳ್ಳಿಹಾಕುವುದು ಸುಲಭವಲ್ಲ: ರೋಗಿಯ ಆರೈಕೆಯನ್ನು ಪ್ರೀತಿಯಿಂದ ಮಾಡುವ ಮಗಳಿಗೂ, ಹಲ್ಲು ಕಚ್ಚಿಕೊಂಡು ಮಾಡುವ ಮಗಳಿಗೂ ವ್ಯತ್ಯಾಸವಿದೆ ಎಂಬುದನ್ನು ಆ ರೋಗಿ ನಮಗಿಂತ ಮೊದಲೇ ಬಲ್ಲ.

ಇದಕ್ಕೆ ತದ್ವಿರುದ್ಧವಾದ ಮಾತನ್ನು ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ. ಸ್ವಂತ ದುಃಖದಲ್ಲಿ ಮುಳುಗಿ, ಇತರರ ಬಗ್ಗೆ ಮರುಕವೇ ಬತ್ತಿಹೋದ ಒಬ್ಬ ಮನುಷ್ಯ, ಮನಸ್ಸಿನ ಯಾವ ಒಲವೂ ಇಲ್ಲದೆ, ಕರ್ತವ್ಯವೆಂಬ ಒಂದೇ ಕಾರಣಕ್ಕೆ ಎದ್ದು ಹೋಗಿ ಇನ್ನೊಬ್ಬನಿಗೆ ನೆರವಾದರೆ, ಆ ಕೆಲಸಕ್ಕೆ ಆಗ ಮೊದಲ ಬಾರಿಗೆ ನಿಜವಾದ ನೈತಿಕ ಬೆಲೆ ಬರುತ್ತದೆ ಎಂಬುದು ಅವನ ನಿಲುವು. ಹಾಗೆ ನೋಡಿದರೆ ಆ ರಾತ್ರಿಯ ನಿಮ್ಮ ಒದ್ದಾಟವೇ ನಿಮ್ಮ ಹೆಗ್ಗಳಿಕೆ.

ಇಬ್ಬರೂ ಅರ್ಧ ಸರಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ನಿಮ್ಮ ಪ್ರಕರಣಕ್ಕೆ ಇವರಿಬ್ಬರಿಗಿಂತ ಹತ್ತಿರದ ಉತ್ತರವನ್ನು ಕೊಟ್ಟವರು ಬ್ರಿಟನ್ನಿನ ತತ್ತ್ವಜ್ಞಾನಿ ಫಿಲಿಪ್ಪಾ ಫುಟ್. 1978ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವರು, ಒಳ್ಳೆಯ ಕೆಲಸ ಕಷ್ಟವಾದರೆ ಆ ಕಷ್ಟ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು ಎನ್ನುತ್ತಾರೆ. ಕಷ್ಟ ಬಂದದ್ದು ಮನುಷ್ಯನ ಸ್ವಭಾವದಿಂದಲಾದರೆ, ಅಂದರೆ ಇನ್ನೊಬ್ಬರ ವಸ್ತು ಕಂಡರೆ ಕೈ ತುರಿಸುವ ಚಾಳಿ ಅವನಿಗಿದ್ದರೆ, ಅವನ ಪ್ರಾಮಾಣಿಕತೆ ಅಷ್ಟರಮಟ್ಟಿಗೆ ಅಪೂರ್ಣ. ಕಷ್ಟ ಬಂದದ್ದು ಪರಿಸ್ಥಿತಿಯಿಂದಲಾದರೆ, ಅಂದರೆ ಬಡವನೊಬ್ಬನ ಕಣ್ಣೆದುರು ಹಣದ ಚೀಲ ಬಿದ್ದಿದ್ದರೆ, ಅಲ್ಲಿ ಕೈ ಚಾಚದಿರಲು ಸಿರಿವಂತನಿಗೆ ಬೇಕಾಗುವುದಕ್ಕಿಂತ ಹೆಚ್ಚಿನ ಗುಣ ಬೇಕು. ಬಡತನ ಸ್ವಭಾವದ ದೋಷವಲ್ಲ. ನಿಮ್ಮನ್ನು ಎಚ್ಚರವಾಗಿಟ್ಟದ್ದು ಬಳೆಗಳ ಹೊಳಪಲ್ಲ, ಮಗಳ ಫೀಸು. ಪ್ರತಿ ತಿಂಗಳ ಮೊದಲ ವಾರ ಪಿಂಚಣಿ ಖಾತೆಗೆ ಜಮೆಯಾಗುವ ಮನೆಯಲ್ಲಿ ಆ ಲೆಕ್ಕಕ್ಕೆ ಕಾರಣವೇ ಇರುವುದಿಲ್ಲ. ಕಾರಣವಿಲ್ಲದ ಕಡೆ ಯೋಚನೆ ಬಾರದಿರುವುದು ಗುಣವೂ ಆಗಿರಬಹುದು, ಬರೀ ಅನುಕೂಲವೂ ಆಗಿರಬಹುದು. ನಿಮ್ಮ ನೆರೆಯವರಿಗೆ ಅನ್ಯಾಯವಾಗಬಾರದು: ಅಧಿಕಾರದಲ್ಲಿದ್ದಾಗ, ಕಡತವೊಂದಕ್ಕೆ ಸಹಿ ಹಾಕಲು ಯಾರೋ ಲಕೋಟೆ ಮುಂದಿಟ್ಟಾಗ, ಅವರಿಗೆ ಆ ಯೋಚನೆ ಬಂದಿರಲಿಲ್ಲವಾದರೆ ಅವರು ನಿಜಕ್ಕೂ ದೊಡ್ಡವರು. ಅದನ್ನು ಅವರು ಹೇಳಿಲ್ಲ, ನೀವೂ ಬರೆದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಸಾಲು. ಲೆಕ್ಕ ನಿಂತದ್ದು ‘ಕದಿಯಬಾರದು’ ಎಂಬ ನಿಯಮ ನೆನಪಾದದ್ದರಿಂದಲ್ಲ. ಆ ನಿಯಮ ನಿಮಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ಲೆಕ್ಕ ನಡೆಯುತ್ತಲೇ ಇತ್ತು. ಅದು ನಿಂತದ್ದು ಕೈಚೀಲದ ಹಿಂದೆ ಒಬ್ಬ ಹುಡುಗಿ ಇದ್ದಾಳೆ ಎಂಬುದು ನಿಮ್ಮ ಕಣ್ಣಿಗೆ ಬಿದ್ದಾಗ. ಅಲ್ಲಿಯವರೆಗೆ ಅದು ಬಂಗಾರ, ಅಲ್ಲಿಂದ ಮುಂದೆ ಅದು ಅವಳ ಕರಿಮಣಿ. ಅರಿಸ್ಟಾಟಲ್ ವಿವೇಕವನ್ನು ಎಲ್ಲ ಗುಣಗಳ ಜೊತೆಗೆ ಕಟ್ಟಿಹಾಕಿದ್ದೂ ಇದೇ ಕಾರಣಕ್ಕೆ: ಯಾವ ಸಂದರ್ಭದಲ್ಲಿ ಏನು ಮುಖ್ಯ ಎಂಬುದು ಕಣ್ಣಿಗೆ ಬೀಳದಿದ್ದರೆ, ಎಷ್ಟು ಒಳ್ಳೆಯ ಮನಸ್ಸಿದ್ದರೂ ಅದು ಎಲ್ಲಿ ಕೈಹಾಕಬೇಕೆಂದು ತಿಳಿಯದೆ ಸುಮ್ಮನೆ ನಿಂತುಬಿಡುತ್ತದೆ. ನಿಮಗೆ ಅದನ್ನು ತೋರಿಸಿದವರು ನಿಮ್ಮ ಹೆಂಡತಿ. ಅದರಿಂದ ನಿಮ್ಮ ಗುಣ ಕಡಿಮೆಯಾಗುವುದಿಲ್ಲ. ತೋರಿಸಿದರೂ ನೋಡದವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಶಾಲು ನಿಮ್ಮದೇ. ಅದರ ಒಂದು ತುದಿ ಅವರಿಗೂ ಸಲ್ಲುತ್ತದೆ ಎಂದು ಮನೆಯಲ್ಲಿ ಹೇಳಿದ್ದೀರೋ ಇಲ್ಲವೋ ತಿಳಿಯದು.

ಪ್ರಶ್ನೆ: ಮಂಗಳೂರಿನಲ್ಲಿ ಗೋಡಂಬಿ ಮತ್ತು ಒಣಹಣ್ಣುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ತೂಕದಲ್ಲಿ ಮೋಸವಿಲ್ಲ, ಕಮಟು ವಾಸನೆ ಬಂದ ಮಾಲನ್ನು ಯಾರಿಗೂ ಕೊಡುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಗಿರಾಕಿಗಳು ಮಾಲ್‌ಗಳ ಕಡೆ ಹೋಗಬಾರದೆಂದೇ ಹೀಗಿದ್ದೇನೆ. ಇದು ಸದ್ಗುಣವೋ, ವ್ಯಾಪಾರವೋ?

ಉತ್ತರ: ಮೇಲೆ ಹೇಳಿದ ಕಾಂಟ್ ನಿಮ್ಮ ಅಂಗಡಿಯನ್ನೇ ನೋಡಿ ಬರೆದನೇನೋ ಎನ್ನಿಸುವಂತೆ, ಅದೇ 1785ರ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಟ್ಟಿದ್ದಾನೆ. ಆತ ಎಲ್ಲರಿಗೂ ಒಂದೇ ಬೆಲೆ ಇಟ್ಟಿದ್ದಾನೆ, ಚಿಕ್ಕ ಮಗು ಬಂದರೂ ಮೋಸವಿಲ್ಲ. ಆದರೆ ವ್ಯಾಪಾರದ ಹಿತಕ್ಕಾಗಿಯೇ ಹಾಗೆ ಮಾಡುತ್ತಿದ್ದರೆ ಕೆಲಸ ಸರಿಯೇ ಹೊರತು ಅದಕ್ಕೆ ನೈತಿಕ ಬೆಲೆಯಿಲ್ಲ ಎಂಬುದು ಅವನ ತೀರ್ಪು. ಇದು ಸ್ವಲ್ಪ ಬಿಗಿಯಾಯಿತು ಎಂದು ನನ್ನ ಅಭಿಪ್ರಾಯ, ಏಕೆಂದರೆ ಮನುಷ್ಯನ ಉದ್ದೇಶಗಳು ಒಂದೊಂದಾಗಿ ಬರುವುದಿಲ್ಲ, ಲಾಭದ ಆಸೆಯೂ ಮರ್ಯಾದೆಯ ಅಂಜಿಕೆಯೂ ಗಿರಾಕಿಯ ಮೇಲಿನ ಕಾಳಜಿಯೂ ಒಟ್ಟಿಗೇ ತಕ್ಕಡಿಯ ಹಿಂದೆ ಕುಳಿತಿರುತ್ತವೆ. ಯಾವುದು ಮುಂದಿದೆ ಎಂದು ತಿಳಿಯಲು ಬೇರೆ ದಾರಿಯಿದೆ. ರೈಲು ಹಿಡಿಯುವ ಅವಸರದಲ್ಲಿ ಬಂದು, ಊರಿಗೆ ಒಯ್ಯಲು ಎರಡು ಕಿಲೋ ಕಟ್ಟಿಸಿಕೊಂಡು, ಮತ್ತೆಂದೂ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತದ ದೂರದ ಊರಿನವರಿಗೆ ಹಳೆಯ ಮಾಲು ಕಟ್ಟಿಕೊಡುತ್ತೀರಾ? ಇಲ್ಲವಾದರೆ ನಿಮ್ಮ ಪತ್ರ ನಿಮ್ಮನ್ನೇ ಕಡಿಮೆ ತೂಗಿದೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿ.ಎಡ್. ವಿದ್ಯಾರ್ಥಿನಿ. ಅಭ್ಯಾಸ ಪಾಠಕ್ಕೆ ಹೋಗುವ ಶಾಲೆಯಲ್ಲಿ ವಾರಕ್ಕೊಂದು ಮೌಲ್ಯ ಶಿಕ್ಷಣದ ಅವಧಿ ಇದೆ. ಪ್ರಾಮಾಣಿಕತೆಯ ಬಗ್ಗೆ ಹತ್ತು ಸಾಲು ಬರೆಯಿರಿ ಎಂದರೆ ಮಕ್ಕಳು ಬಹಳ ಚೆನ್ನಾಗಿ ಬರೆಯುತ್ತಾರೆ, ಅರ್ಧದಷ್ಟು ಮಂದಿ ಪಕ್ಕದವರ ಪುಸ್ತಕ ನೋಡಿ. ಸದ್ಗುಣವನ್ನು ಕಲಿಸಲು ಸಾಧ್ಯವೇ?

ಉತ್ತರ: ಪ್ಲೇಟೋನ ಒಂದು ಸಂವಾದ ತೆರೆದುಕೊಳ್ಳುವುದೇ ಈ ಪ್ರಶ್ನೆಯಿಂದ. ಅದರಲ್ಲಿ ಸಾಕ್ರಟೀಸ್ ಒಂದು ತೊಡಕನ್ನು ಮುಂದಿಡುತ್ತಾನೆ: ಅಥೆನ್ಸಿನ ಮುತ್ಸದ್ದಿ ಥೆಮಿಸ್ಟೊಕ್ಲೀಸ್ ತನ್ನ ಮಗನಿಗೆ ಕುದುರೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಭರ್ಜಿ ಎಸೆಯುವುದನ್ನೂ ಕಲಿಸಿದ, ಆದರೆ ತನ್ನಲ್ಲಿದ್ದ ಒಳ್ಳೆಯತನವನ್ನು ಮಾತ್ರ ಅವನಿಗೆ ದಾಟಿಸಲಾಗಲಿಲ್ಲ, ಅದು ಕಲಿಸಬಹುದಾದ ವಿದ್ಯೆಯಾಗಿದ್ದರೆ ಸ್ವಂತ ಮಗನಿಗೆ ಕಲಿಸದೆ ಬಿಡುತ್ತಿದ್ದನೇ? ಪ್ಲೇಟೋನ ಶಿಷ್ಯನಾದ ಅರಿಸ್ಟಾಟಲ್ ಈ ತೊಡಕನ್ನು ಬಿಡಿಸಿದ್ದು, ಕಲಿಸುವುದು ಎಂದರೆ ಹೇಳಿಕೊಡುವುದು ಎಂಬ ಭಾವನೆಯನ್ನು ಬಿಟ್ಟುಕೊಟ್ಟು. ಮನೆ ಕಟ್ಟುತ್ತಾ ಕಟ್ಟುವವರಾಗುವಂತೆ, ವಾದ್ಯ ನುಡಿಸುತ್ತಾ ವಾದಕರಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತಾ ನ್ಯಾಯವಂತರಾಗುತ್ತೇವೆ ಎಂದು ಅವನು ಹೇಳಿದ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದಿಂದ ಹೇಳುವುದು ಸುಲಭ. ಹೆಜ್ಜೆ ಕಲಿಯಲು ಬಂದ ಹುಡುಗನಿಗೆ ಗುರುಗಳು ಮೊದಲ ದಿನ ಪ್ರಸಂಗದ ತತ್ತ್ವಾರ್ಥ ಹೇಳುವುದಿಲ್ಲ. ಬಾಯಲ್ಲಿ ತಾಳ, ಕಾಲಲ್ಲಿ ಹೆಜ್ಜೆ, ತಪ್ಪಿದರೆ ಮತ್ತೆ ಮೊದಲಿನಿಂದ. ಪದ್ಯದ ಭಾವ ಅವನಿಗೆ ಆಗ ಅರ್ಥವಾಗಿರುವುದಿಲ್ಲ, ಅರ್ಥವಾಗಬೇಕೆಂಬ ಆತುರ ಗುರುಗಳಿಗೂ ಇರುವುದಿಲ್ಲ. ತಾಳ ಮೈಗೆ ಹತ್ತಿದ ಮೇಲೆ ಕಾಲಿನ ಮೇಲಿನ ಗಮನ ತಪ್ಪಿ ಎದುರಿನ ಪಾತ್ರದ ಕಡೆಗೆ, ಭಾಗವತರ ಪದದ ಕಡೆಗೆ ಹರಿಯುತ್ತದೆ. ಪಾತ್ರ ಹುಟ್ಟುವುದು ಆಗ. ಆದರೆ ಹೋಲಿಕೆ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ, ಇದನ್ನು ಅರಿಸ್ಟಾಟಲನೇ ಎಚ್ಚರಿಸಿದ್ದಾನೆ. ಕುಣಿತ ಚೆನ್ನಾಗಿದ್ದರೆ ಸಾಕು, ಕಲಾವಿದ ಯಾವ ಉದ್ದೇಶದಿಂದ ಕುಣಿದ ಎಂದು ನಾವು ಕೇಳುವುದಿಲ್ಲ. ಗುಣದ ವಿಷಯದಲ್ಲಿ ಮಾಡುವವನು ತಿಳಿದು ಮಾಡಬೇಕು, ಆ ಕೆಲಸಕ್ಕಾಗಿಯೇ ಅದನ್ನು ಆರಿಸಿಕೊಂಡಿರಬೇಕು, ಗಾಳಿ ಬಂದತ್ತ ವಾಲದ ಸ್ಥಿರ ಸ್ವಭಾವದಿಂದ ಅದು ಹುಟ್ಟಿರಬೇಕು. ಕುಣಿತ, ವೇಷಗಳಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯನ್ನೇ ನೋಡಿ. ಈ ವಾರ ಕರ್ಣನಾಗಿ ಕೂತ ಅರ್ಥಧಾರಿ ಮುಂದಿನ ವಾರ ಕೃಷ್ಣನಾಗಿ ಕೂತು, ತಾನೇ ಕಟ್ಟಿದ ವಾದವನ್ನು ತಾನೇ ಮುರಿಯುತ್ತಾನೆ, ನಾವು ಎರಡಕ್ಕೂ ಚಪ್ಪಾಳೆ ತಟ್ಟುತ್ತೇವೆ. ಅದು ದೊಡ್ಡ ಕಲೆ, ಅದರ ಮೇಲೆ ನನಗೆ ಮೋಹವೂ ಇದೆ. ಆದರೆ ಧರ್ಮಸೂಕ್ಷ್ಮವನ್ನು ವಿವರಿಸುವ ಶಕ್ತಿಗೂ ಅದರಂತೆ ನಡೆಯುವ ಶಕ್ತಿಗೂ ನಡುವೆ ಎಷ್ಟು ಅಂತರವಿದೆ ಎಂಬುದಕ್ಕೆ ದುರ್ಯೋಧನನ ಬಾಯಲ್ಲಿ ಇಟ್ಟಿರುವ ಹಳೆಯ ಮಾತೇ ಸಾಕ್ಷಿ: ಧರ್ಮ ಯಾವುದೆಂದು ಬಲ್ಲೆ, ಅದರಲ್ಲಿ ನನಗೆ ಪ್ರವೃತ್ತಿಯಿಲ್ಲ.

ನಿಮ್ಮ ಮಕ್ಕಳ ಹತ್ತು ಸಾಲುಗಳ ವಿಷಯಕ್ಕೆ ಬಂದರೆ, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತಿರಬೇಕಾದದ್ದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ನಲವತ್ತು ಮಂದಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡುವಂತೆ ಕಳುಹಿಸಿದರು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿರುವಂತೆ ಏರ್ಪಾಡು ಮಾಡಿದ್ದರು. ಸಮಯ ಸಾಕಷ್ಟಿದೆ ಎಂದು ತಿಳಿದಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಬಂದರು. ತಡವಾಯಿತು, ಓಡಿ ಎಂದು ಅವಸರಪಡಿಸಿ ಕಳುಹಿಸಿದವರಲ್ಲಿ ಬಂದವರು ಶೇ. 10 ಮಾತ್ರ. ಭಾಷಣದ ವಿಷಯ ಆ ಕಥೆಯೇ ಆಗಿದ್ದದ್ದು ಲೆಕ್ಕಕ್ಕೆ ಬರುವಂಥ ವ್ಯತ್ಯಾಸವನ್ನು ಮಾಡಲಿಲ್ಲ. ಸ್ವಭಾವ ಎಂಬುದೇ ಸುಳ್ಳು, ಎಲ್ಲವೂ ಸಂದರ್ಭದ ಆಟ ಎಂದು ಇದರಿಂದ ತೀರ್ಮಾನಿಸಿದ ವಿದ್ವಾಂಸರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಅವಸರದಲ್ಲಿದ್ದವರು ಕಲ್ಲೆದೆಯವರಾಗಿರಲಿಲ್ಲ, ನರಳುವವನು ನೆರವು ಬೇಕಾದವನಾಗಿ ಅವರ ಕಣ್ಣಿಗೆ ಬೀಳಲೇ ಇಲ್ಲ, ಅಥವಾ ಬಿದ್ದರೂ ಗಡಿಯಾರ ಅವನನ್ನು ಮರೆಮಾಡಿತು.

ಆದ್ದರಿಂದ ಆ ಒಂದು ಅವಧಿಯನ್ನು ಬರೆಸಲು ಬಳಸದೆ ಗಮನಿಸಲು ಬಳಸಿ ನೋಡಿ. ಬಿಸಿಯೂಟದ ಸಾಲಿನಲ್ಲಿ ದಿನವೂ ಕೊನೆಗೆ ಉಳಿಯುವವರು ಯಾರು, ಆಟಕ್ಕೆ ತಂಡ ಮಾಡುವಾಗ ಯಾರೂ ಕರೆಯದೆ ಬಿಡುವುದು ಯಾರನ್ನು, ಸ್ಲೇಟು ಒಡೆದ ದಿನ ಸುಮ್ಮನಿದ್ದವರು ಯಾರು ಎಂಬುದನ್ನು ಮಕ್ಕಳೇ ಕಂಡು, ಏನಾದರೂ ಮಾಡಿ, ಮರುವಾರ ಬಂದು ಹೇಳಲಿ. ನಕಲು ಮಾಡಲು ಅಲ್ಲಿ ಪಕ್ಕದವರ ಪುಸ್ತಕ ಇರುವುದಿಲ್ಲ. ಸಿಲೆಬಸ್ ಮುಗಿಸುವ ಅವಸರದಲ್ಲಿರುವ ಶಿಕ್ಷಕರಿಗೆ ಇದು ರುಚಿಸಲಿಕ್ಕಿಲ್ಲ ಎಂಬುದೂ ನನಗೆ ಗೊತ್ತಿದೆ.

ಪ್ರಶ್ನೆ: ನನ್ನ ಮಾವನವರು ಊರಿನಲ್ಲಿ ಎಲ್ಲರೂ ಕೈಮುಗಿಯುವ ವ್ಯಕ್ತಿ. ಸುಳ್ಳಿಲ್ಲ, ದುಶ್ಚಟವಿಲ್ಲ, ನಿತ್ಯ ಪೂಜೆ ತಪ್ಪಿದ್ದಿಲ್ಲ, ದಾನಕ್ಕೂ ಹಿಂದುಮುಂದು ನೋಡುವವರಲ್ಲ. ಆದರೆ ಮನೆಗೆಲಸಕ್ಕೆ ಬರುವ ಅಕ್ಕನಿಗೆ ಚಹಾ ಕೊಡಲು ಹಿತ್ತಿಲ ಕಟ್ಟೆಯ ಮೇಲೆ ಬೇರೆ ಲೋಟ ಕವುಚಿಟ್ಟಿರಬೇಕು; ಅದು ಒಳಗೆ ಬಂದರೆ ಅವರು ಊಟಕ್ಕೆ ಏಳುವುದಿಲ್ಲ. ಅವರನ್ನು ಸದ್ಗುಣಿ ಎನ್ನಬೇಕೇ? ನಾನು ಏನು ಮಾಡಲಿ? (ಒಬ್ಬ ಓದುಗಿ, ಮಂಗಳೂರು)

ಉತ್ತರ: ಅವರ ಸತ್ಯವೂ ದಾನವೂ ನಿಜವೇ, ಲೋಟವೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವವನಿಗೆ ಎದುರಿನ ಮನುಷ್ಯ ಕಾಣದೇ ಹೋಗುವ ಅಪಾಯ ಹೊಸದೇನೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿ, ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ನೋಟದಿಂದಲೇ ಸುಡುತ್ತಾನೆ, ಗಂಡನ ಉಪಚಾರದಲ್ಲಿದ್ದು ಭಿಕ್ಷೆ ತರಲು ತಡಮಾಡಿದ ಗೃಹಿಣಿಯ ಮೇಲೂ ಕೆರಳುತ್ತಾನೆ. ಆಕೆ ನಾನು ಕೊಕ್ಕರೆಯಲ್ಲ ಎಂದು ಹೇಳಿ, ಧರ್ಮವನ್ನು ತಿಳಿಯಬೇಕಾದರೆ ಮಿಥಿಲೆಗೆ ಹೋಗು ಎಂದು ಕಳುಹಿಸಿದರೆ, ಅಲ್ಲಿ ಅವನಿಗೆ ಗುರುವಾಗಿ ಸಿಗುವವನು ಮಾಂಸದ ಅಂಗಡಿಯಲ್ಲಿ ಕೂತ, ಮುಪ್ಪಿನ ತಂದೆತಾಯಿಯರನ್ನು ನೋಡಿಕೊಳ್ಳುತ್ತಿರುವ ಧರ್ಮವ್ಯಾಧ. ಗುಣದ ಬಗ್ಗೆ ಇಷ್ಟೊಂದು ಬರೆದ ಅರಿಸ್ಟಾಟಲನಿಗೂ ಕುರುಡಿತ್ತು: ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಅವನು ವಾದಿಸಿದ್ದಾನೆ. ತನ್ನ ಕಾಲದ ಗೌರವಸ್ಥರ ಮನೆಯಲ್ಲಿ ಯಾರು ಕಾಣುತ್ತಿರಲಿಲ್ಲವೋ ಅವರು ಅವನಿಗೂ ಕಾಣಲಿಲ್ಲ.

ನಿಮ್ಮ ಊರಿನದೇ ಉದಾಹರಣೆ ಬೇಕಾದರೆ, ಪುರಭವನಕ್ಕೆ ಯಾರ ಹೆಸರಿದೆಯೋ ಅವರನ್ನು ನೆನೆಯಿರಿ. 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಬ್ರಾಹ್ಮಣ ಕುಟುಂಬದವರು, ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಅವರಿಗೆ ಸ್ವಂತ ಸಮಾಜದಿಂದ ಸಿಕ್ಕಿದ್ದು ಬಹಿಷ್ಕಾರ. ಬಹಿಷ್ಕಾರ ಹಾಕಿದವರು ಕಳ್ಳರೂ ಸುಳ್ಳರೂ ಆಗಿದ್ದರೆ ವಿಷಯ ಸರಳವಾಗುತ್ತಿತ್ತು. ಅವರಲ್ಲಿ ನಿಮ್ಮ ಮಾವನವರಂಥವರೇ ಬಹಳ ಮಂದಿ ಇದ್ದಿರಬೇಕು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ಸರ್ಕಾರಿ ಹುದ್ದೆ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ರಾಯರ ಹಂಬಲವಾಗಿತ್ತೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಅವರು 1928ರಲ್ಲಿ ತೀರಿಕೊಂಡರು.

ಏನು ಮಾಡಲಿ ಎಂದು ಕೇಳಿದ್ದೀರಿ. ಲೋಟ ಬೇರೆ ಇಡುವುದಕ್ಕೆ ಜಾತಿ ಕಾರಣವಾಗಿದ್ದರೆ ಅದು ಮಾವನವರ ಗುಣದ ಪ್ರಶ್ನೆಯಾಗುವ ಮೊದಲೇ ನ್ಯಾಯದ ಪ್ರಶ್ನೆ, ಏಕೆಂದರೆ ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನದ 17ನೆಯ ವಿಧಿ ನಿಷೇಧಿಸಿದೆ. ಅವರ ಮನಸ್ಸು ಮಾಗುವವರೆಗೆ ಆ ಅಕ್ಕ ಹಿತ್ತಿಲಿನಲ್ಲಿ ಕಾಯಬೇಕಾಗಿಲ್ಲ. ಅಡುಗೆಮನೆ ನಿಮ್ಮ ಕೈಯಲ್ಲಿದ್ದರೆ ನಾಳೆಯಿಂದಲೇ ಎಲ್ಲರ ಚಹಾ ಒಂದೇ ಬಗೆಯ ಲೋಟಗಳಲ್ಲಿ, ಒಂದೇ ಟ್ರೇಯಲ್ಲಿ ಹೊರಗೆ ಬರಲಿ. ಮಾವನವರು ಒಂದು ಹೊತ್ತು ಊಟ ಬಿಟ್ಟರೆ ಬಿಡಲಿ, ಅವರ ಮೇಲಿನ ಗೌರವಕ್ಕೆ ಅದರಿಂದ ಕುಂದಿಲ್ಲ. ಆದರೆ ಇದನ್ನು ಮಾಡುವ ಮೊದಲು ಆ ಅಕ್ಕನನ್ನು ಬೇರೆಯಾಗಿ ಕರೆದು ಒಂದು ಮಾತು ಕೇಳಿ. ಮನೆಯಲ್ಲಿ ಗಲಾಟೆಯಾದರೆ ಕೆಲಸ ಹೋಗುವುದು ನಿಮ್ಮದಲ್ಲ, ಅವರದು. ಯಾವಾಗ, ಹೇಗೆ ಎಂಬುದನ್ನು ಅವರೇ ಹೇಳಲಿ. ಏನೇ ಆದರೂ ಅವರ ಕೆಲಸಕ್ಕೂ ಸಂಬಳಕ್ಕೂ ತೊಂದರೆಯಾಗದಂತೆ ನಿಮ್ಮ ಗಂಡನ ಮಾತನ್ನು ಮೊದಲೇ ಗಟ್ಟಿಮಾಡಿಕೊಂಡಿರಿ.